ಗಿಡ್ಡ ಬೇಸ್‌ಗೆ ಯಾವ ತಂತಿ?

ಮಂಗಳೂರಿನಿಂದ ಬರುವ ಹೆದ್ದಾರಿ ಮಾಣಿಯಲ್ಲಿ ಕವಲಾಗುತ್ತದೆ. ಒಂದು ದಾರಿ ಉಪ್ಪಿನಂಗಡಿ, ಶಿರಾಡಿ ಘಾಟಿ ದಾಟಿ ಬೆಂಗಳೂರಿಗೆ. ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿ ಹಾದು ಮೈಸೂರಿಗೆ. ಇಲ್ಲಿ ಬಸ್ಸು ಹತ್ತುವ ವಾದ್ಯಗಾರರಿಗೆ ವಾದ್ಯದ ಉದ್ದ ಸಣ್ಣ ಸಂಗತಿಯಲ್ಲ. ಪೂರ್ಣ ಅಳತೆಯ ಬೇಸ್ ಗಿಟಾರು ತಲೆಯಿಂದ ಬುಡಕ್ಕೆ ನಾಲ್ಕಡಿ ಹತ್ತಿರ ಬರುತ್ತದೆ. ಸಂಜೆಯ ಬಸ್ಸಿನಲ್ಲಿ ಅದನ್ನು ಇಟ್ಟುಕೊಳ್ಳುವುದು ಎಲ್ಲಿ? ಬೇಸ್ ಯುಕೆಲೆಲೆಯಾದರೆ ಎರಡೂವರೆ ಅಡಿ; ತೊಡೆಯ ಮೇಲೆ ಮಗುವಿನಂತೆ ಕೂರುತ್ತದೆ. ಚರ್ಚಿನ ಗಾಯನ ವೃಂದಕ್ಕೆ, ಭಜನಾ ಮಂಡಳಿಗೆ, ಊರಿನ ರಸಮಂಜರಿಗೆ, ಪುಟ್ಟ ಕೈಯ ಮಕ್ಕಳ ಕಲಿಕೆಗೆ ಇಂಥ ಗಿಡ್ಡ ಬೇಸ್ ಹೇಳಿಮಾಡಿಸಿದ ಹಾಗಿದೆ.

ತಂತಿ ತುಂಡಾದ ದಿನ ಪ್ರಶ್ನೆ ಏಳುತ್ತದೆ. ಗಿಟಾರ್ ತಂತಿ ಕಟ್ಟಬಹುದೇ? ದೊಡ್ಡ ಬೇಸ್‌ನ ತಂತಿಯನ್ನು ಕತ್ತರಿಸಿ ಹಾಕಿದರೆ ಆದೀತೇ? ಹೆಸರಿನಲ್ಲಿ ಯುಕೆಲೆಲೆ ಇದೆಯಲ್ಲ, ಯುಕೆಲೆಲೆ ತಂತಿ ಸಾಕೇ? ಮೂರಕ್ಕೂ ಉತ್ತರ ‘ಇಲ್ಲ’. ಯಾಕೆ ಎಂಬುದು ತಿಳಿದರೆ ಮುಂದೆ ಯಾವ ಅಂಗಡಿಗೆ ಹೋದರೂ ಸರಿಯಾದ ತಂತಿಯನ್ನು ನಾವೇ ಆರಿಸಬಹುದು.

ತಂಬೂರಿ ಕಲಿಸುವ ಪಾಠ

ತಂಬೂರಿಯ ನಾಲ್ಕು ತಂತಿಗಳ ಉದ್ದ ಒಂದೇ. ಆದರೂ ಮೊದಲನೆಯದು ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಕೊನೆಯ ತಂತಿಯನ್ನು ಮುಟ್ಟಿ ನೋಡಿ. ಉಳಿದವು ತೆಳ್ಳಗಿನ ಉಕ್ಕಿನವು, ಅದು ಮಾತ್ರ ದಪ್ಪ ಹಿತ್ತಾಳೆಯದು. ಉದ್ದ ಹೆಚ್ಚಿಸಲು ಜಾಗವಿಲ್ಲದ ಕಡೆ ತಂಬೂರಿ ಮಾಡುವವರು ತಂತಿಯ ತೂಕ ಹೆಚ್ಚಿಸಿ ಸ್ವರವನ್ನು ಕೆಳಗಿಳಿಸಿದ್ದಾರೆ.

ತಂತಿಯ ಸ್ವರವನ್ನು ನಿರ್ಧರಿಸುವುದು ಮೂರೇ ಸಂಗತಿ: ಉದ್ದ, ಸೆಳೆತ, ತೂಕ. ಉದ್ದ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಸೆಳೆತವನ್ನು ಕಾಲು ಭಾಗಕ್ಕೆ ಇಳಿಸಿದರೂ ಒಂದು ಸ್ಥಾಯಿ ಕೆಳಗೆ. ಒಂದೊಂದು ಮೀಟರಿನ ತೂಕವನ್ನು ನಾಲ್ಕು ಪಟ್ಟು ಮಾಡಿದರೂ ಅಷ್ಟೇ. ಬಾವಿ ಹಗ್ಗವನ್ನು ಒಣಗಿದ್ದಾಗ ಒಮ್ಮೆ, ನೆನೆದಾಗ ಒಮ್ಮೆ ಎಳೆದು ಅಲುಗಿಸಿ ನೋಡಿದವರಿಗೆ ಇದು ಗೊತ್ತು: ನೆನೆದ ಹಗ್ಗ ನಿಧಾನವಾಗಿ ತೂಗುತ್ತದೆ. ಮೃದಂಗದ ಎಡಬದಿಗೆ ರವೆ ಕಲಸಿ ಮೆತ್ತುವುದರ ಹಿಂದೆಯೂ ಇದೇ ತತ್ವ ಇದೆ. ಚರ್ಮದ ಮೇಲೆ ಭಾರ ಕೂತರೆ ನಾದ ತಗ್ಗುತ್ತದೆ.

ಗಿಡ್ಡ ಬೇಸ್‌ನ ತಂತಿಯ ಕಥೆಯೆಲ್ಲ ಇಷ್ಟರಲ್ಲೇ ಇದೆ. ಉದ್ದ ಕಡಿಮೆಯಾದ ಜಾಗವನ್ನು ತೂಕ ತುಂಬಬೇಕು, ಇಲ್ಲವೇ ಸೆಳೆತ ಇಳಿಯಬೇಕು. ಎಷ್ಟು ತೂಕ, ಎಷ್ಟು ಸೆಳೆತ ಎಂಬುದನ್ನು ಹದವಾಗಿ ಹೊಂದಿಸುವುದೇ ಒಳ್ಳೆಯ ತಂತಿಯ ಗುಟ್ಟು.

ಇಂಚಿನ ಲೆಕ್ಕ

ಇಲ್ಲಿ ಉದ್ದ ಎಂದರೆ ವಾದ್ಯದ ಉದ್ದವಲ್ಲ. ತಂತಿಯ ಕಂಪಿಸುವ ಭಾಗದ ಉದ್ದ. ಮೇಲಿನ ನಟ್‌ನಿಂದ ಕೆಳಗೆ ಬ್ರಿಜ್‌ನ ಮೇಲಿರುವ ಸ್ಯಾಡಲ್‌ವರೆಗಿನ ಈ ಅಂತರವನ್ನು ‘ಸ್ಕೇಲ್’ ಎನ್ನುತ್ತಾರೆ. ವೀಣೆಯವರು ಕುದುರೆ ಎಂದು ಕರೆಯುವುದೇ ಗಿಟಾರಿನವರ ಬ್ರಿಜ್.

1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನ ಸ್ಕೇಲ್ 34 ಇಂಚು. ಇಂದಿಗೂ ಅದೇ ರೂಢಿಯ ಅಳತೆ. 1956ರ ಹಾಫ್ನರ್ ವಯೊಲಿನ್ ಬೇಸ್‌ನದು 30 ಇಂಚು. ಪಾಲ್ ಮೆಕಾರ್ಟ್ನಿಯ ಕೈಯಲ್ಲಿ ಜಗತ್ತು ಕಂಡ ವಾದ್ಯ ಅದು. ಇಬಾನೆಜ್‌ನ ಮೈಕ್ರೋ ಬೇಸ್ 28.6 ಇಂಚು. ಟೇಲರ್‌ನ ಜಿಎಸ್ ಮಿನಿ ಬೇಸ್ 23.5 ಇಂಚು. ಕಾಲಾ ಕಂಪನಿಯ ಯು-ಬೇಸ್ ಹಾಗೂ ಅದನ್ನು ಅನುಸರಿಸಿ ಬಂದ ಬೇಸ್ ಯುಕೆಲೆಲೆಗಳು 21 ಇಂಚಿನ ಆಸುಪಾಸು. ಇವೆಲ್ಲ ಕೊಡಬೇಕಾದ ಸ್ವರಗಳು ಮಾತ್ರ ಒಂದೇ: ಇ 41.2, ಎ 55, ಡಿ 73.4, ಜಿ 98 ಹರ್ಟ್ಸ್.

ಒಂದೇ ತಂತಿಯನ್ನು ಒಂದೇ ಸ್ವರಕ್ಕೆ ಬೇರೆ ಬೇರೆ ಉದ್ದದಲ್ಲಿ ಕಟ್ಟಿದರೆ ಸೆಳೆತ ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 34 ಇಂಚಿನಲ್ಲಿ ಇರುವ ಸೆಳೆತವನ್ನು ನೂರು ಎಂದುಕೊಂಡರೆ, 30 ಇಂಚಿನಲ್ಲಿ 78, 28.6ರಲ್ಲಿ 71, 23.5ರಲ್ಲಿ 48, 21ರಲ್ಲಿ ಬರೀ 38.

ತೂಕದಲ್ಲೇ ಹೇಳುವುದಾದರೆ, ದೊಡ್ಡ ಬೇಸ್‌ನ ಇ ತಂತಿ ಮೀಟರಿಗೆ ಸುಮಾರು 33 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. 34 ಇಂಚಿನ ವಾದ್ಯದಲ್ಲಿ ಅದನ್ನು ಶ್ರುತಿಗೆ ತಂದರೆ ಸೆಳೆತ 17 ಕಿಲೋ ಹತ್ತಿರ. 21 ಇಂಚಿನಲ್ಲಿ ಅದೇ ತಂತಿಯ ಸೆಳೆತ ಆರೂವರೆ ಕಿಲೋ ಮಾತ್ರ. ಮೀಟಿದ ಕೂಡಲೇ ಅದು ಜೋಲು ಬಿದ್ದ ಬಟ್ಟೆ ಹಗ್ಗದಂತೆ ಫ್ರೆಟ್ಟುಗಳಿಗೆ ಬಡಿದು ಕರಕರ ಎನ್ನುತ್ತದೆ. ದೊಡ್ಡ ಬೇಸ್‌ನ ತಂತಿ ಕತ್ತರಿಸಿ ಹಾಕಬಾರದು ಎಂಬುದಕ್ಕೆ ಇದು ಮುಖ್ಯ ಕಾರಣ.

ಹಾಗಾದರೆ ಸೆಳೆತ ಉಳಿಸಿಕೊಳ್ಳಲು ತಂತಿಯನ್ನು ದಪ್ಪ ಮಾಡಿದರೆ? ಅದಕ್ಕೂ ಸುಲಭದ ಲೆಕ್ಕ ಉಂಟು: ಉದ್ದ ಎಷ್ಟು ಪಾಲು ಕಡಿಮೆಯಾಯಿತೋ ದಪ್ಪ ಅಷ್ಟೇ ಪಾಲು ಹೆಚ್ಚಬೇಕು. ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ 105 ಗೇಜಿನ ಇ ತಂತಿಯ ಬದಲು 30 ಇಂಚಿನ ವಾದ್ಯಕ್ಕೆ 119, 28.6 ಇಂಚಿನದಕ್ಕೆ 125 ಗೇಜ್ ಬೇಕಾಗುತ್ತದೆ. ಇಲ್ಲಿಯವರೆಗೆ ತೊಂದರೆಯಿಲ್ಲ. ನಿಮ್ಮದು 28 ಇಂಚಿಗಿಂತ ಉದ್ದದ ವಾದ್ಯವಾದರೆ ಒಂದೆರಡು ಮೆಟ್ಟಿಲು ದಪ್ಪದ ಲೋಹದ ತಂತಿ ತಂದು ಕಟ್ಟಿ. ಸಮಸ್ಯೆ ಅಲ್ಲಿಗೆ ಮುಗಿಯಿತು. 21 ಇಂಚಿಗೆ ಬಂದರೆ ಬೇಕಾದ ದಪ್ಪ 170 ಗೇಜ್, ಅಂದರೆ 4.3 ಮಿಲಿಮೀಟರ್. ಅಷ್ಟು ದಪ್ಪದ ಉಕ್ಕು ತಂತಿಯಾಗಿ ಉಳಿಯುವುದಿಲ್ಲ, ಸರಳಾಗುತ್ತದೆ. ಬಾಗಲು ಒಲ್ಲದ ಸರಳಿನ ಉಪಸ್ವರಗಳು ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನಲ್ಲಿ ನೆಟ್ಟಗೆ ಕೂರದೆ ಮೇಲೆ ಮೇಲೆ ಜಾರುತ್ತವೆ. ನಾದದ ಬದಲು ತಗಡಿನ ಸದ್ದು ಕೇಳುತ್ತದೆ.

ರಬ್ಬರಿನಂಥ ತಂತಿ ಹುಟ್ಟಿದ ಬಗೆ

ಈ ಬಿಕ್ಕಟ್ಟಿಗೆ ಇಂಗ್ಲೆಂಡಿನ ಆಲನ್ ಆಶ್‌ವರ್ತ್-ಜೋನ್ಸ್ ಮತ್ತು ನೈಜೆಲ್ ಥಾರ್ನ್‌ಬರಿ ಕಂಡುಕೊಂಡ ದಾರಿ ಉಕ್ಕನ್ನೇ ಬಿಡುವುದು. ಇಬ್ಬರ ಹೆಸರೂ ಸೇರಿ ‘ಆಶ್‌ಬರಿ’ ಎಂದಾದ ಅವರ ಬೇಸ್ ಗಿಲ್ಡ್ ಕಂಪನಿಯಿಂದ 1986ರಲ್ಲಿ ಹೊರಬಂತು. ಸ್ಕೇಲ್ ಬರೀ 18 ಇಂಚು. ತಂತಿ ಸಿಲಿಕೋನ್ ರಬ್ಬರಿನದು. ಕೇಳಿದರೆ ಆಳೆತ್ತರದ ಡಬಲ್ ಬೇಸ್ ನೆನಪಾಗುವ ನಾದ. ಅನಂತರ ಅಮೆರಿಕದ ಓವೆನ್ ಹೋಲ್ಟ್ ಪಾಲಿಯುರೆಥೇನ್ ತಂತಿಯನ್ನು ಬ್ಯಾರಿಟೋನ್ ಯುಕೆಲೆಲೆ ಗಾತ್ರದ ವಾದ್ಯಕ್ಕೆ ಒಗ್ಗಿಸಿದರು. ಕಾಲಾ ಕಂಪನಿಯ ಯು-ಬೇಸ್‌ನ ಬೇರು ಅಲ್ಲಿದೆ.

ಯುಕೆಲೆಲೆಯ ಮೂಲವೂ ಪ್ರಯಾಣದ ಕಥೆಯೇ. 1879ರಲ್ಲಿ ಪೋರ್ಚುಗೀಸರ ಮಡೈರಾ ದ್ವೀಪದಿಂದ ಹವಾಯಿಗೆ ಹೋದ ವಲಸಿಗರು ತಮ್ಮ ಪುಟ್ಟ ಗಿಟಾರನ್ನು ಜೊತೆಗೆ ಒಯ್ದರು. ಅದೇ ಹವಾಯಿಯಲ್ಲಿ ಯುಕೆಲೆಲೆಯಾಯಿತು. ಹಡಗಿನಲ್ಲಿ ಒಯ್ಯಲು ಹಗುರವಾಗಿದ್ದ ವಾದ್ಯದ ವಂಶದ್ದೇ ಇಂದು ಬಸ್ಸಿನಲ್ಲಿ ಒಯ್ಯಲು ಹಗುರವಾಗಿದೆ.

ಪಾಲಿಯುರೆಥೇನ್ ಉಕ್ಕಿಗಿಂತ ಆರೇಳು ಪಟ್ಟು ಹಗುರ. ಬಿಗಿದ ಮೇಲೂ ನಾಲ್ಕೂವರೆ ಮಿಲಿಮೀಟರ್ ದಪ್ಪ ಉಳಿಯುವ ಇಂಥ ತಂತಿ ಮೀಟರಿಗೆ ಸುಮಾರು 19 ಗ್ರಾಂ ತೂಗುತ್ತದೆ. 21 ಇಂಚಿನಲ್ಲಿ ಇ ಸ್ವರಕ್ಕೆ ಬಂದಾಗ ಅದರ ಸೆಳೆತ ನಾಲ್ಕು ಕಿಲೋಗೂ ಕಡಿಮೆ. ಆರೂವರೆ ಕಿಲೋದ ಉಕ್ಕೇ ಸಡಿಲ ಎಂದಾದರೆ ನಾಲ್ಕು ಕಿಲೋದ ರಬ್ಬರು ಹೇಗೆ ಸರಿಯಾಯಿತು?

ಗುಟ್ಟು ಹಿಗ್ಗುವ ಗುಣದಲ್ಲಿದೆ. ಉಕ್ಕು ಕೂದಲೆಳೆಯಷ್ಟು ಹಿಗ್ಗಿದರೂ ಸೆಳೆತ ಏಕಾಏಕಿ ಏರುತ್ತದೆ. ಆದ್ದರಿಂದ ಸಡಿಲವಾಗಿ ಕಟ್ಟಿದ ಉಕ್ಕಿನ ತಂತಿಯನ್ನು ಜೋರಾಗಿ ಮೀಟಿದರೆ ಅಥವಾ ಫ್ರೆಟ್ಟಿಗೆ ಒತ್ತಿದರೆ ಸ್ವರ ಮೇಲೇರಿ ಅಪಶ್ರುತಿಯಾಗುತ್ತದೆ. ಪಾಲಿಯುರೆಥೇನ್ ಮೊದಲೇ ಬಹಳ ಹಿಗ್ಗಿ ನಿಂತಿರುವುದರಿಂದ ಬೆರಳಿನ ಒತ್ತು ತರುವ ಅಷ್ಟಿಷ್ಟು ಹಿಗ್ಗು ಅದಕ್ಕೆ ಲೆಕ್ಕಕ್ಕಿಲ್ಲ. ಸ್ವರ ನಿಂತಲ್ಲೇ ನಿಲ್ಲುತ್ತದೆ. ಎಷ್ಟು ದಪ್ಪವಿದ್ದರೂ ಸಲೀಸಾಗಿ ಬಾಗುವುದರಿಂದ ಉಪಸ್ವರಗಳೂ ಸಾಲಿನಲ್ಲಿ ಕೂರುತ್ತವೆ. ನಾಲ್ಕೂ ತಂತಿಗಳ ಒಟ್ಟು ಸೆಳೆತ ಕಡಿಮೆ ಇರುವುದು ಇನ್ನೊಂದು ಲಾಭ. ದೊಡ್ಡ ಬೇಸ್‌ನ ಕತ್ತು 70–80 ಕಿಲೋ ಸೆಳೆತ ತಡೆಯುತ್ತದೆ; ಯುಕೆಲೆಲೆಯ ತೆಳು ಹಲಗೆ ಅದನ್ನು ತಡೆಯದು.

ಬೆಳ್ತಂಗಡಿ ಕಡೆಯ ತೋಟಗಳ ರಬ್ಬರ್ ಹಾಲಿನಿಂದ ಈ ತಂತಿ ಮಾಡಬಹುದೇ ಎಂದು ಕುತೂಹಲ ಹುಟ್ಟುವುದು ಸಹಜ. ಸಹಜ ರಬ್ಬರು ಬಹುಕಾಲ ಎಳೆದಿಟ್ಟರೆ ಜೋಲುತ್ತದೆ, ಬಿಸಿಲು ಗಾಳಿಗೆ ಬಿರಿಯುತ್ತದೆ. ಪಾಲಿಯುರೆಥೇನ್ ಕಾರ್ಖಾನೆಯಲ್ಲಿ ಬೇರೆಯೇ ರಸಾಯನದಿಂದ ಹುಟ್ಟಿದ್ದು; ಅದರ ಬಾಳಿಕೆ ಬೇರೆ.

ಈಗ ಸಿಗುವ ಮೂರು ಬಗೆ

ಮೊದಲನೆಯದು ಪಾಲಿಯುರೆಥೇನ್ ತಂತಿ. ಹೋಲ್ಟ್ ಅವರ ರೋಡ್ ಟೋಡ್ ಹೆಸರಿನ ಕಪ್ಪು ತಂತಿ, ಇಟಲಿಯ ಅಕ್ವಿಲಾದ ಬಿಳಿ ‘ಥಂಡರ್‌ಗಟ್’, ಕೆಂಪು ‘ಥಂಡರ್ ರೆಡ್’ ಈ ಜಾತಿಯವು. ನಾದ ಗುಂಡಗೆ, ಆಳ, ಬೆರಳಿಗೆ ಮೃದು. ಹೊಸದಾಗಿ ಕಲಿಯುವ ಮಗುವಿನ ಬೆರಳು ನೋಯುವುದಿಲ್ಲ. ಕೊರತೆಯೆಂದರೆ ಬೆರಳಿಗೆ ಅಂಟುವುದು. ಅದರಲ್ಲೂ ಬಿಳಿಯದು ಹೆಚ್ಚು ಅಂಟು.

ಎರಡನೆಯದು ನೈಲಾನ್ ಅಥವಾ ನಾರಿನ ತಿರುಳಿನ ಮೇಲೆ ಲೋಹ ಸುತ್ತಿದ ತಂತಿ. ಜರ್ಮನಿಯ ಪಿರಮಿಡ್, ಇಟಲಿಯ ಗ್ಯಾಲಿ ಕಂಪನಿಗಳು ಬೇಸ್ ಯುಕೆಲೆಲೆಗೆಂದೇ ಸುತ್ತಿದ ತಂತಿ ಮಾಡುತ್ತವೆ. ಟೇಲರ್‌ನ 23.5 ಇಂಚಿನ ಬೇಸ್‌ಗೂ ನೈಲಾನ್ ತಿರುಳಿನ ಮೇಲೆ ಫಾಸ್ಫರ್ ಬ್ರಾಂಜ್ ಸುತ್ತಿದ ತಂತಿಯೇ. ತಿರುಳು ಬಾಗುವಿಕೆ ಕೊಡುತ್ತದೆ, ಸುತ್ತು ತೂಕ ಕೊಡುತ್ತದೆ. ನಾದ ಸ್ಪಷ್ಟ, ಬೆರಳು ಜಾರುವುದು ಸಲೀಸು.

ಮೂರನೆಯದು ಉಕ್ಕಿನ ತಿರುಳಿನ ಲೋಹದ ತಂತಿ. ಯು-ಬೇಸ್ ಅಳತೆಗೆಂದೇ ತೆಳು ತಿರುಳಿಟ್ಟು ಇದನ್ನು ಮಾಡುತ್ತಾರೆ. ಗಿಟಾರಿನಂತೆ ಚುರುಕು ನಾದ, ಹೆಚ್ಚು ಹೊತ್ತು ನಿಲ್ಲುವ ಅನುರಣನ. ಸೆಳೆತ ಹೆಚ್ಚಿರುವುದರಿಂದ ವಾದ್ಯ ಮಾಡಿದವರು ಒಪ್ಪಿದ್ದರೆ ಮಾತ್ರ ಕಟ್ಟಬೇಕು. ಇಲ್ಲವಾದರೆ ಕುದುರೆ ಕಿತ್ತು ಬರಬಹುದು, ಮೇಲ್ಹಲಗೆ ಉಬ್ಬಬಹುದು.

ಸಾದಾ ಯುಕೆಲೆಲೆ ತಂತಿ ಯಾವ ಪಟ್ಟಿಗೂ ಸೇರದು. ಬ್ಯಾರಿಟೋನ್ ಯುಕೆಲೆಲೆಯ ಅತಿ ಕೆಳಗಿನ ತಂತಿಯೂ 147 ಹರ್ಟ್ಸ್‌ನ ಡಿ. ಅದನ್ನು 41ಕ್ಕೆ ಇಳಿಸಿದರೆ ಸೆಳೆತ ಸುಮಾರು ಹದಿಮೂರರಲ್ಲಿ ಒಂದು ಪಾಲಾಗಿ ತಂತಿ ಹಲಗೆಯ ಮೇಲೆ ಮಲಗುತ್ತದೆ. ಗಿಟಾರ್ ತಂತಿ ಆಗದಿರುವುದೂ ಇಂಥದೇ ಕಾರಣಕ್ಕೆ.

ಕೊಳ್ಳುವ ಮೊದಲು ವಾದ್ಯವನ್ನು ನೋಡಿ

ಮೊದಲು ಪಿಕಪ್ ನೋಡಿ. ಕಾಂತದ ಪಿಕಪ್ ಕಬ್ಬಿಣ, ನಿಕಲ್‌ನಂಥ ಲೋಹದ ಕಂಪನವನ್ನು ಮಾತ್ರ ಗ್ರಹಿಸುತ್ತದೆ. ಪಾಲಿಯುರೆಥೇನ್ ತಂತಿ ಅದಕ್ಕೆ ಕಾಣಿಸುವುದೇ ಇಲ್ಲ, ಬರೀ ತಾಮ್ರ ಸುತ್ತಿದ ನೈಲಾನೂ ಕಾಣಿಸದು. ಬೇಸ್ ಯುಕೆಲೆಲೆಗಳಲ್ಲಿ ಸಾಮಾನ್ಯವಾಗಿ ಸ್ಯಾಡಲ್‌ನ ಅಡಿ ಪೀಜೋ ಪಿಕಪ್ ಇರುತ್ತದೆ. ಅದು ಕಂಪನದ ಒತ್ತಡವನ್ನು ಗ್ರಹಿಸುವುದರಿಂದ ಯಾವ ತಂತಿಯೂ ಆಗುತ್ತದೆ.

ಎರಡನೆಯದು ನಟ್‌ನ ಗೀರುಗಳು. ಪಾಲಿಯುರೆಥೇನ್‌ಗೆ ಕೊರೆದ ಅಗಲದ ಗೀರಿನಲ್ಲಿ ತೆಳು ಲೋಹದ ತಂತಿ ಅತ್ತಿತ್ತ ಆಡಿ ಗುಂಯ್‌ಗುಡುತ್ತದೆ. ತೆಳು ಗೀರಿನಲ್ಲಿ ದಪ್ಪ ತಂತಿ ಕೂರುವುದೇ ಇಲ್ಲ. ಜಾತಿ ಬದಲಿಸುವಾಗ ನಟ್ ಬದಲಿಸುವ ಖರ್ಚನ್ನೂ ಸೇರಿಸಿಕೊಳ್ಳಿ. ಗೀರನ್ನು ಅಗಲ ಮಾಡುವುದು ಸುಲಭ, ಮತ್ತೆ ಕಿರಿದು ಮಾಡಲಾಗದು. ಹಾಗಾಗಿ ಹಳೆಯ ನಟ್ ಎತ್ತಿಟ್ಟುಕೊಂಡು ಹೊಸದರಲ್ಲಿ ಕೊರೆಸಿ.

ಮೂರನೆಯದು ತಂತಿ ಸುತ್ತುವ ಕೀಲಿಯ ತೂತು. ನಾಲ್ಕೂವರೆ ಮಿಲಿಮೀಟರ್ ದಪ್ಪದ ತಂತಿ ಅದರಲ್ಲಿ ಹೋಗಬೇಕಲ್ಲ!

ನಾಲ್ಕನೆಯದು ಉದ್ದ. ಬಾಲ್ ಇರುವ ತುದಿ ಕೂರುವ ಜಾಗದಿಂದ ನಟ್‌ವರೆಗೆ ಅಳೆದು ಬರೆದಿಟ್ಟುಕೊಳ್ಳಿ. ಸುತ್ತಿದ ತಂತಿಯ ತುದಿಯಲ್ಲಿ ತೆಳುವಾಗುವ ಭಾಗವೊಂದಿರುತ್ತದೆ. ಅದು ನಟ್ ದಾಟಿದ ಮೇಲೆ ಶುರುವಾಗಬೇಕು. ಕಂಪಿಸುವ ಭಾಗದೊಳಗೆ ಬಂದರೆ ಶ್ರುತಿ ಕೂರದು; ಬಹಳ ದೂರ ಹೋದರೆ ದಪ್ಪ ಭಾಗವೇ ಕೀಲಿಗೆ ಸುತ್ತಬೇಕಾಗಿ ಸುರುಳಿ ಬಿಚ್ಚುತ್ತದೆ.

ಯಾವ ಹಾಡಿಗೆ ಯಾವುದು?

ಗಾಯನ ವೃಂದದ ಸ್ತೋತ್ರಗಳಿಗೆ ಕೆಳಗಿನಿಂದ ಎತ್ತಿ ಹಿಡಿಯುವ ಗುಂಡಗಿನ ನಾದ ಬೇಕು. ಅಲ್ಲಿ ಪಾಲಿಯುರೆಥೇನ್ ಚೆಂದ. ರಸಮಂಜರಿಯಲ್ಲಿ ಕೀಬೋರ್ಡು, ಡ್ರಮ್ಮುಗಳ ನಡುವೆ ಬೇಸ್ ಬೇರೆಯಾಗಿ ಕೇಳಬೇಕಾದರೆ ಲೋಹ ಸುತ್ತಿದ ತಂತಿ ಒಳ್ಳೆಯದು.

ಪುಟ್ಟ ಸ್ಪೀಕರಿನ ವಿಷಯದಲ್ಲಿ ಇನ್ನೊಂದು ಗಮನಿಸಬೇಕು. ಅಂಗೈಯಗಲದ ಸ್ಪೀಕರಿಗೆ 41 ಹರ್ಟ್ಸ್ ಹೊರಡಿಸುವ ಶಕ್ತಿಯಿಲ್ಲ. ಆದರೂ ನಮಗೆ ಇ ಸ್ವರವೇ ಕೇಳುತ್ತದೆ. ಯಾಕೆಂದರೆ 82, 123 ಹರ್ಟ್ಸ್‌ನ ಉಪಸ್ವರಗಳು ಕಿವಿಗೆ ಬಿದ್ದಾಗ ಇಲ್ಲದ ಮೂಲವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ಹೀಗಾಗಿ ಸಣ್ಣ ಸ್ಪೀಕರ್ ಬಳಸುವವರಿಗೆ ಉಪಸ್ವರ ಹೆಚ್ಚಿರುವ ಸುತ್ತಿದ ತಂತಿಯೇ ಗಟ್ಟಿಯಾಗಿ ಕೇಳುತ್ತದೆ.

ಭಜನೆಗೆ, ಕರ್ನಾಟಕ ಸಂಗೀತಕ್ಕೆ ಬಳಸುವವರು ಗಮಕದ ಬಗ್ಗೆ ಯೋಚಿಸಬೇಕು. ಕಪ್ಪು ಒಂದು ಶ್ರುತಿಯ ಭಜನೆಗೆ ಕೆಳಗಿನ ಷಡ್ಜ ಎ ತಂತಿಯ ನಾಲ್ಕನೆಯ ಫ್ರೆಟ್‌ನಲ್ಲಿ, 69 ಹರ್ಟ್ಸ್‌ಗೆ ಸಿಗುತ್ತದೆ. ಅಷ್ಟಕ್ಕೆ ಯಾವ ತಂತಿಯೂ ಸಾಕು. ವೀಣೆಯಂತೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ಹುಟ್ಟಿಸಲು ಹೊರಟರೆ ಮಾತ್ರ ಪಾಲಿಯುರೆಥೇನ್ ಕೈಕೊಡುತ್ತದೆ. ಒತ್ತಿದರೂ ಸ್ವರ ಕದಲದು ಎಂಬ ಗುಣವೇ ಇಲ್ಲಿ ಅಡ್ಡ ಬರುತ್ತದೆ: ಎಳೆದರೂ ಸ್ವರ ಕದಲದು. ಇರುವುದು ಜಾರುವ ದಾರಿ ಒಂದೇ. ಅದಕ್ಕೆ ಫ್ರೆಟ್ ಇಲ್ಲದ ವಾದ್ಯ ಮತ್ತು ಅಂಟದ, ನಯವಾಗಿ ಸುತ್ತಿದ ತಂತಿ ಬೇಕು.

ಹೊರಗಿನ ವಾದ್ಯದಲ್ಲಿ ನಮ್ಮ ಗಮಕ ಬಾರದು ಎನ್ನುವವರು ಮಾಣಿ ಇರುವ ಇದೇ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರನ್ನು ನೆನೆಯಬೇಕು. ನಾಗಸ್ವರದ ಮನೆತನದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು, ವರ್ಷಗಟ್ಟಲೆ ಸಾಧನೆಯಿಂದ ಅದನ್ನು ರಾಗಕ್ಕೆ ಒಗ್ಗಿಸಿದರು. ವಾದ್ಯದ ಗುಣ ಏನು, ಮಿತಿ ಏನು ಎಂದು ತಿಳಿಯುವ ತಾಳ್ಮೆ ಇದ್ದವರಿಗೆ ಅದು ಒಲಿಯುತ್ತದೆ ಎಂಬುದಕ್ಕೆ ಅವರಿಗಿಂತ ಹತ್ತಿರದ ಸಾಕ್ಷಿ ನಮ್ಮ ಊರುಗಳಿಗೆ ಬೇಡ.

ಕಟ್ಟುವುದು, ಶ್ರುತಿ ಮಾಡುವುದು

ತಂತಿಗಳನ್ನು ಒಂದೊಂದಾಗಿ ಬದಲಿಸಿ; ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಸ್ಯಾಡಲ್ ಮತ್ತು ಅದರಡಿಯ ಪಿಕಪ್ ಜಾಗ ತಪ್ಪಬಹುದು. ಲೋಹ ಸುತ್ತಿದ ತಂತಿಯನ್ನು ಕತ್ತರಿಸುವ ಮೊದಲು ಆ ಜಾಗದಲ್ಲಿ ನೇರ ಕೋನಕ್ಕೆ ಬಗ್ಗಿಸಿ, ಬಗ್ಗಿದ ಬಿಂದುವಿನ ಆಚೆಗೆ ಕತ್ತರಿಸಿ. ಇಲ್ಲವಾದರೆ ಸುತ್ತು ಒಳಗೊಳಗೇ ಸಡಿಲವಾಗಿ ನಾದ ಸಾಯುತ್ತದೆ.

ಪಾಲಿಯುರೆಥೇನ್ ತಂತಿ ಶ್ರುತಿಗೆ ಬರಲು ಕೀಲಿಯನ್ನು ಸುತ್ತಿ ಸುತ್ತಿ ಕೈಸೋಲುತ್ತದೆ. ಮೊದಲೇ ಕೈಯಿಂದ ಎಳೆದು ಹಿಗ್ಗಿಸಿ, ಆಮೇಲೆ ಕೀಲಿಗೆ ಪೋಣಿಸಿ. ಕಟ್ಟಿದ ದಿನವೇ ಶ್ರುತಿ ನಿಲ್ಲುವುದಿಲ್ಲ; ಮೂರು ನಾಲ್ಕು ದಿನ ಇಳಿಯುತ್ತಲೇ ಇರುತ್ತದೆ. ಹಬ್ಬದ ಪೂಜೆಗೋ ಭಜನೆಗೋ ನುಡಿಸಲಿದ್ದರೆ ಒಂದು ವಾರ ಮೊದಲೇ ತಂತಿ ಬದಲಿಸಿ.

ಮೊಬೈಲಿನ ಟ್ಯೂನರ್ ಆ್ಯಪ್‌ಗಳು 41 ಹರ್ಟ್ಸ್ ಹಿಡಿಯಲು ಒದ್ದಾಡುತ್ತವೆ. ಹನ್ನೆರಡನೆಯ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದರೆ ಒಂದು ಸ್ಥಾಯಿ ಮೇಲಿನ ಸ್ವರ ಬರುತ್ತದೆ. ಅದನ್ನು ಆ್ಯಪ್ ಸುಲಭವಾಗಿ ಗುರುತಿಸುತ್ತದೆ. ಅದೇ ಫ್ರೆಟ್ಟನ್ನು ಒತ್ತಿ ಮೀಟಿ ಎರಡನ್ನೂ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ ಸರಿಯಬೇಕು, ಇಳಿದಿದ್ದರೆ ಮುಂದಕ್ಕೆ. ಲೋಹದ ತಂತಿಗೆ ಈ ಸರಿಪಡಿಕೆ ಹೆಚ್ಚು ಬೇಕು, ಪಾಲಿಯುರೆಥೇನ್‌ಗೆ ಕಡಿಮೆ. ಸ್ಯಾಡಲ್ ಅಲುಗದಂತೆ ಕೂರಿಸಿದ ವಾದ್ಯದಲ್ಲಿ ತಂತಿಯ ಜಾತಿ ಬದಲಿಸಿದಾಗ ಮೇಲಿನ ಫ್ರೆಟ್ಟುಗಳು ಅಪಶ್ರುತಿಯಾಗುವುದು ಇದೇ ಕಾರಣಕ್ಕೆ.

ಮಳೆಗಾಲದ ಮಾತು

ಚೆಂಡೆ, ಮದ್ದಳೆಯವರಿಗೆ ಆಷಾಢದ ತೇವದ ಕಷ್ಟ ಗೊತ್ತು. ಚರ್ಮ ನೆನೆದು ನಾದ ಇಳಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಉಕ್ಕಿನ ತಂತಿ ಬೇಗ ಮಂಕಾಗಿ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಯ ಅಡಿಭಾಗವನ್ನೂ ಒರೆಸಿಡಿ. ಪಾಲಿಯುರೆಥೇನ್‌ಗೆ ತುಕ್ಕಿನ ಭಯವೇ ಇಲ್ಲ. ಈ ಒಂದು ಕಾರಣಕ್ಕೇ ಕರಾವಳಿಯವರು ಅದನ್ನು ಆರಿಸಿದರೂ ತಪ್ಪಿಲ್ಲ. ಆದರೆ ಬೆವರಿದ ಬೆರಳಿಗೆ ಅದು ಇನ್ನಷ್ಟು ಅಂಟುತ್ತದೆ. ಬೆರಳಿಗೆ ಚಿಟಿಕೆ ಟಾಲ್ಕಂ ಪೌಡರ್ ಹಚ್ಚಿಕೊಂಡರೆ ಸಾಕು.

ವಾದ್ಯದ ಮರವೂ ತೇವಕ್ಕೆ ಉಬ್ಬುತ್ತದೆ, ಘಟ್ಟ ಹತ್ತಿ ಒಣ ಹವೆಗೆ ಹೋದರೆ ಕುಗ್ಗುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಡಿ. ಒಲೆಯ ಮೇಲಿನ ಅಟ್ಟ ಅಡಿಕೆಗೆ ಒಳ್ಳೆಯದು, ಅಂಟು ಹಾಕಿ ಜೋಡಿಸಿದ ವಾದ್ಯಕ್ಕಲ್ಲ. ಒಂದು ಸೆಟ್ ತಂತಿ ಸದಾ ಕೈಯಲ್ಲಿರಲಿ. ಗಿಟಾರ್ ತಂತಿಯಂತೆ ಇದನ್ನು ಪಕ್ಕದವರಿಂದ ಕಡ ತರಲಾಗದು.

ಮುಂದಿನ ಸಲ ತಂತಿ ಕೊಳ್ಳುವಾಗ ಕಂಪನಿಯ ಹೆಸರನ್ನು ಕೊನೆಗೆ ಕೇಳಿ. ಮೊದಲು ಸ್ಕೇಲ್ ಎಷ್ಟು ಇಂಚು ಎಂದು ಅಳೆಯಿರಿ, ಆಮೇಲೆ ಪಿಕಪ್ ಯಾವುದು, ಗೀರು ಎಷ್ಟು ಅಗಲ ಎಂದು ನೋಡಿ, ನುಡಿಸುವುದು ಏನನ್ನು ಎಂದು ನಿಶ್ಚಯಿಸಿ. ಈ ನಾಲ್ಕು ತಿಳಿದರೆ ಉಳಿಯುವ ಆಯ್ಕೆ ಒಂದೋ ಎರಡೋ. ಆಗಲೂ ಅನುಮಾನ ಉಳಿದರೆ ಮನೆಯಲ್ಲೋ ದೇವಸ್ಥಾನದಲ್ಲೋ ಇರುವ ತಂಬೂರಿಯ ನಾಲ್ಕನೆಯ ತಂತಿಯನ್ನು ಒಮ್ಮೆ ಮೀಟಿ. ಮಂದ್ರ ಷಡ್ಜಕ್ಕೆ ಹಿತ್ತಾಳೆ ಕಟ್ಟಿದ ಆ ಕೈಗಳಿಗೆ ಈ ಲೆಕ್ಕ ಮೊದಲೇ ತಿಳಿದಿತ್ತು.